ಹನ್ನೆರಡು ಕವರು, ಒಂದೇ ಟಿಕೆಟ್

ಬಸವೇಶ್ವರನಗರದ ಮನೆಗೆ ಬೀಗ ಹಾಕಿ, ಎರಡು ಸಲ ಎಳೆದು ನೋಡಿ, ಕೀಲಿಯನ್ನು ಎದುರುಮನೆಯವರಿಗೆ ಕೊಟ್ಟು ಹೊರಟಾಗ ಬೆಳಗಿನ ಎಂಟು ಗಂಟೆ. ನಾನು ಮತ್ತು ನಮ್ಮ ಯಜಮಾನರು ರಂಗಸ್ವಾಮಿ, ಇಬ್ಬರೇ. ವಿಮಾನದಲ್ಲಿ ಸಿಂಗಪುರ, ಅಲ್ಲಿಂದ ಹಡಗು. ಹನ್ನೆರಡು ರಾತ್ರಿ ಸಮುದ್ರದ ಮೇಲೆ. ಥಾಯ್ಲೆಂಡ್ ಮುಟ್ಟಿ, ವಿಯೆಟ್ನಾಮಿನ ಕರಾವಳಿಯುದ್ದಕ್ಕೂ ನಿಂತು ನಿಂತು ಹೋಗಿ, ಮತ್ತೆ ಸಿಂಗಪುರಕ್ಕೆ ವಾಪಸು. ಹಡಗಿಗೆ ಹೋಗುವವರು ಸಾಮಾನ್ಯವಾಗಿ ಸಮುದ್ರ ನೋಡಲು ಹೋಗುತ್ತಾರೆ. ನಾನು ಹೋಗಿದ್ದು ಬಂಡೆ ನೋಡಲು.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರಾಜಾಜಿನಗರದ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಭೂಗೋಳ ಪಾಠ ಮಾಡಿದವಳು ನಾನು. ನೀರು ಸುಣ್ಣಕಲ್ಲನ್ನು ಹೇಗೆ ಕರಗಿಸುತ್ತದೆ, ಗುಹೆ ಹೇಗಾಗುತ್ತದೆ, ಬೆಟ್ಟ ಸವೆದು ಸವೆದು ಕಂಬದಂತೆ ಹೇಗೆ ಉಳಿಯುತ್ತದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದಿದ್ದೇನೆ. ಕಣ್ಣಾರೆ ಒಂದನ್ನೂ ಕಂಡಿರಲಿಲ್ಲ. ವಿಯೆಟ್ನಾಮಿನ ಹಾ ಲಾಂಗ್ ಕೊಲ್ಲಿಯಲ್ಲಿ ಅಂಥ ಬೆಟ್ಟಗಳು ಸಾವಿರಗಟ್ಟಲೆ ನೀರಿನಿಂದ ಎದ್ದು ನಿಂತಿವೆ. ಹತ್ತನೆಯ ದಿನ ನಮ್ಮ ಹಡಗು ಅಲ್ಲಿಗೆ ಹೋಗುತ್ತದೆ. ಚಿಕ್ಕ ದೋಣಿಯಲ್ಲಿ ಬೆಟ್ಟಗಳ ನಡುವೆ ಕರೆದೊಯ್ಯುತ್ತಾರೆ. ಆ ದೋಣಿಗಾಗಿಯೇ ನಾನು ಈ ಪ್ರವಾಸಕ್ಕೆ ಒಪ್ಪಿದ್ದು.

ಟಿಕೆಟ್ ಮಾಡಿಸಿಕೊಟ್ಟ ವಿಜಯನಗರದ ಏಜೆಂಟ್ ಹುಡುಗ, “ಆಂಟಿ, ಊಟ, ತಿಂಡಿ, ರೂಮು ಎಲ್ಲಾ ಇನ್‌ಕ್ಲೂಡೆಡ್. ಮೇಲ್ಖರ್ಚಿಗೆ ಸ್ವಲ್ಪ ಡಾಲರ್ ಇಟ್ಕೊಳ್ಳಿ, ಸಾಕು” ಎಂದಿದ್ದ. ಸ್ವಲ್ಪ ಅಂದರೆ ಎಷ್ಟು ಎಂಬುದನ್ನು ನಾನೇ ನಿರ್ಧರಿಸಿದೆ. ದಿನಕ್ಕೊಂದರಂತೆ ಹನ್ನೆರಡು ಕವರು. ಒಂದೊಂದರಲ್ಲೂ ಅರವತ್ತೊಂದು ಡಾಲರ್. ಸೊನ್ನೆಯಲ್ಲಿ ಮುಗಿಯುವ ಮೊತ್ತವನ್ನು ನಮ್ಮಲ್ಲಿ ಶುಭಕಾರ್ಯಕ್ಕೆ ಕೊಡುವುದಿಲ್ಲವಲ್ಲ. ಮದುವೆ ಮುಯ್ಯಿಗಾದರೂ ಐನೂರ ಒಂದೇ. ಕವರಿನ ಮೂಲೆಗೆ ಕುಂಕುಮವನ್ನೂ ಹಚ್ಚಿದೆ. ಮನೆ ಖರ್ಚನ್ನು ನಲವತ್ತು ವರ್ಷ ಹೀಗೇ ಕವರಿನಲ್ಲಿ ತೂಗಿಸಿದ್ದೇನೆ. ಆಯಾ ದಿನದ ಕವರು ಆಯಾ ದಿನವೇ ಒಡೆಯಬೇಕು, ಅದೇ ನನ್ನ ಶಾಸನ.

ಹಡಗು ಹತ್ತಿದ ಮೊದಲ ಗಂಟೆಯಲ್ಲೇ ಆ ಶಾಸನಕ್ಕೆ ಏಟು ಬಿತ್ತು. ಹಡಗಿನಲ್ಲಿ ನೋಟು ನಡೆಯುವುದೇ ಇಲ್ಲ. ರೂಮಿನ ಬಾಗಿಲು ತೆರೆಯುವ ಕಾರ್ಡನ್ನೇ ಎಲ್ಲ ಕಡೆ ತೋರಿಸಬೇಕು. ಬೇಕಾದರೆ ನೋಟನ್ನು ರಿಸೆಪ್ಶನ್ನಿನಲ್ಲಿ ಮುಂಗಡವಾಗಿ ಕಟ್ಟಬಹುದು, ಅಷ್ಟೇ. ಮೊದಲ ಕವರನ್ನು ಅಲ್ಲಿ ಕೊಟ್ಟೆ. ಕೌಂಟರಿನಲ್ಲಿದ್ದ ಫಿಲಿಪೀನ್ಸ್ ಹುಡುಗಿ ಕುಂಕುಮ ಮುಟ್ಟಿ ನೋಡಿ, ಇದೇನೆಂದು ಕೇಳಿದಳು. ಒಳ್ಳೆಯದಾಗಲಿ ಅಂತ ಎಂದು ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ನಕ್ಕು, ಒಳ್ಳೆಯದಲ್ಲದ ಸುದ್ದಿ ಕೊಟ್ಟಳು. ಸೇವಾ ಶುಲ್ಕವೆಂದು ತಲೆಗೆ ದಿನಕ್ಕೆ ಹದಿನಾರು ಡಾಲರ್ ತಾನಾಗಿಯೇ ಕಡಿತವಾಗುತ್ತದಂತೆ. ಏಜೆಂಟ್ ಹುಡುಗನನ್ನು ಮನಸ್ಸಿನಲ್ಲೇ ಬೆಂಚಿನ ಮೇಲೆ ನಿಲ್ಲಿಸಿದೆ.

ಕವರುಗಳ ಒಟ್ಟು ಏಳುನೂರ ಮೂವತ್ತೆರಡು. ಇಬ್ಬರ ಸೇವಾ ಶುಲ್ಕ ಮುನ್ನೂರ ಎಂಬತ್ನಾಲ್ಕು. ದೋಣಿಗೆ ಒಬ್ಬರಿಗೆ ನೂರ ಹತ್ತು. ಎಲ್ಲ ಕಳೆದ ಮೇಲೂ ನೂರ ಇಪ್ಪತ್ತೆಂಟು ಉಳಿಯುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಿದರೆ ಧಾರಾಳವಾಗಿ ಸಾಕು. ಹುಡುಗಿ ದೋಣಿಯ ಟಿಕೆಟ್ ಈಗಲೇ ತೆಗೆದುಕೊಳ್ಳಿ ಎಂದಳು. ನನ್ನ ಕವರು ಇನ್ನೂ ಹನ್ನೊಂದು ಒಡೆಯಬೇಕಿತ್ತು. ಆಮೇಲೆ ನೋಡೋಣ ಎಂದೆ.

ದಿನಗಳು ಹಾಯಾಗಿ ಕಳೆದವು. ಬೆಳಿಗ್ಗೆ ಕೌಂಟರಿನಲ್ಲಿ ಆ ದಿನದ ಕವರು ಕಟ್ಟುವುದು, ಮೇಲಿನ ಊಟದ ಹಾಲಿನಲ್ಲಿ ಪುಕ್ಕಟೆ ತಿಂಡಿ, ಪುಕ್ಕಟೆ ಕಾಫಿ. ಕಾಫಿ ಕಾಫಿಯಂತಿರಲಿಲ್ಲ, ಬಿಸಿಯಿತ್ತು. ಅನ್ನದ ಜೊತೆ ಮನೆಯಿಂದ ತಂದ ಚಟ್ನಿಪುಡಿ. ಬಾಟಲಿ ನೀರು ಮತ್ತು ಒಂದು ಸಲ ಬಟ್ಟೆ ಒಗೆಸಿದ್ದು ಸೇರಿ ಇಪ್ಪತ್ತು ಡಾಲರ್. ಮಧ್ಯಾಹ್ನ ನಾನು ನಿದ್ದೆ ಮಾಡುತ್ತಿದ್ದೆ, ಇವರು ಓಡಾಡಿಕೊಂಡು ಬರುತ್ತಿದ್ದರು. ಹಾಸನದಿಂದ ಬಂದಿದ್ದ ಎರಡು ಜೋಡಿ ಇವರಿಗೆ ಗುರುತಾಗಿದ್ದರು, ಅಕ್ಕತಂಗಿಯರು ಮತ್ತವರ ಗಂಡಂದಿರು. ಕನ್ನಡ ಕಿವಿಗೆ ಬಿದ್ದರೆ ನಮ್ಮವರಿಗೆ ಹಬ್ಬ.

ಒಂಬತ್ತನೆಯ ದಿನ ಬೆಳಿಗ್ಗೆ ದೋಣಿಯ ಟಿಕೆಟ್ ಕೇಳಲು ಹೋದೆ. ಉಳಿದ ನಾಲ್ಕು ಕವರನ್ನೂ ಒಟ್ಟಿಗೆ ಕೊಟ್ಟೆ. ಹುಡುಗಿ ಲೆಕ್ಕ ನೋಡಿ, ಒಂದು ಟಿಕೆಟ್ ಕೊಡಬಹುದು, ಎರಡಕ್ಕೆ ಮೂವತ್ತನಾಲ್ಕು ಡಾಲರ್ ಕಡಿಮೆ ಬೀಳುತ್ತದೆ ಎಂದಳು. ಖರ್ಚಿನ ಕಾಗದ ತೆಗೆದುಕೊಟ್ಟಳು. ಕೆಳಗಿನ ಕಾಫಿ ಅಂಗಡಿಯಲ್ಲಿ ನಾಲ್ಕು ದಿನ, ದಿನಕ್ಕೆ ಐದು ಕಾಫಿ, ಅದರ ಮೇಲೆ ನೂರಕ್ಕೆ ಹದಿನೆಂಟರಂತೆ ಶುಲ್ಕ. ಒಟ್ಟು ನೂರ ನಲವತ್ತೊಂದು ಚಿಲ್ಲರೆ. ಕೆಳಗೆ ನಮ್ಮ ಯಜಮಾನರ ರುಜು, ಕನ್ನಡದಲ್ಲಿ.

ರೂಮಿಗೆ ಬಂದು ಕಾಗದವನ್ನು ಅವರ ಮುಂದೆ ಹಿಡಿದೆ. ಕನ್ನಡಕ ಹುಡುಕಿ, ಹಾಕಿಕೊಂಡು ಓದಿದರು.

“ಒಂದು ಕಾಫಿಗೆ ಆರು ಡಾಲರ್ರಾ? ಐನೂರು ರೂಪಾಯಿ ಮೇಲಾಯ್ತಲ್ಲೇ!”

“ರುಜು ಹಾಕೋವಾಗ ಓದ್ಲಿಲ್ವಾ?”

“ಕನ್ನಡಕ ರೂಮಲ್ಲಿತ್ತು ಕಣೇ. ಅವ್ರೂ ಕಾರ್ಡ್ ತೆಗೆದ್ರು, ನಾನೇ ಬಿಡ್ಲಿಲ್ಲ. ಹಾಸನದಿಂದ ಬಂದಿದಾರೆ, ನಾವು ಬೆಂಗಳೂರೋರು. ಅವ್ರ ಕೈಲಿ ದುಡ್ಡು ಕೊಡ್ಸೋಕಾಗುತ್ತಾ?”

“ಇದೇನು ಬೆಂಗಳೂರಾ? ಸಮುದ್ರದ ಮಧ್ಯ ಯಾರ್ರೀ ನೆಂಟರು, ಯಾರು ಮನೆಯೋರು? ಮೇಲೆ ಪುಕ್ಕಟೆ ಕಾಫಿ ಇರ್ಲಿಲ್ವಾ?”

“ಪುಕ್ಕಟೆ ಕಾಫಿಗೆ ಯಾರನ್ನಾದ್ರೂ ಬನ್ನಿ ಅಂತ ಕರೆಯೋಕಾಗುತ್ತೇನೇ, ಜಯಾ?”

ನಮ್ಮ ಕಡೆಯ ದರ್ಶಿನಿಗಳಲ್ಲಿ ಬಿಲ್ ಕೊಡಲು ಇವರು ಕೈ ಜಗ್ಗಾಡುವುದನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ನನಗೆ ಮಾತ್ರ ಮೈಯೆಲ್ಲ ಉರಿಯಿತು. ನಮ್ಮ ಹತ್ತಿರ ಕ್ರೆಡಿಟ್ ಕಾರ್ಡ್ ಇಲ್ಲ. ಹಾಸನದವರನ್ನು ಕೇಳಿದ್ದರೆ ಕ್ಷಣದಲ್ಲಿ ಕೊಡುತ್ತಿದ್ದರು. ನಾವೇ ಕಾಫಿ ಕುಡಿಸಿ ಅವರ ಹತ್ತಿರವೇ ಕೈ ಚಾಚುವುದು ನನ್ನಿಂದಲೂ ಆಗದ ಮಾತು. ಹಡಗಿನವರದಲ್ಲದ ಹೊರಗಿನ ದೋಣಿ ಅಗ್ಗವೆಂದು ಕೆಲವರು ಹೇಳಿದರು, ಆದರೆ ಅದು ತಡವಾದರೆ ಹಡಗು ಕಾಯುವುದಿಲ್ಲ. ಮೊದಲ ದಿನವೇ ಕವರೆಲ್ಲ ಒಡೆದು ಟಿಕೆಟ್ ತೆಗೆದುಕೊಂಡಿದ್ದರೆ ಇವರ ಕಾಫಿ ದೋಣಿಯ ದುಡ್ಡಿಗೆ ಕೈ ಹಾಕುತ್ತಿರಲಿಲ್ಲ ಎಂಬುದೂ ಹೊಳೆಯಿತು. ಅದನ್ನು ಅವರಿಗೆ ಹೇಳಲಿಲ್ಲ.

“ನೀನು ಹೋಗು. ನಂಗೆ ಬಂಡೆ ನೋಡಿ ಏನಾಗ್ಬೇಕು?” ಎಂದರು. ಕೋಪದಲ್ಲೇ ಹೋಗಿ ಒಂದು ಟಿಕೆಟ್ ತೆಗೆದುಕೊಂಡೆ.

ಹತ್ತನೆಯ ದಿನ ಆಕಾಶ ತಿಳಿಯಾಗಿತ್ತು, ಸಣ್ಣ ಚಳಿ. ದೋಣಿಯಲ್ಲಿ ಹಾಸನದವರೂ ಇದ್ದರು. ಅಕ್ಕತಂಗಿಯರಲ್ಲಿ ಅಕ್ಕ, “ಅಣ್ಣ ಯಾಕೆ ಬರ್ಲಿಲ್ಲ?” ಎಂದು ಕೇಳಿದರು. ಮಂಡಿನೋವು ಎಂದೆ.

ಬೆಟ್ಟಗಳ ನಡುವೆ ಹೋದದ್ದೇ ನಾನು ಎದ್ದು ನಿಂತೆ. ನೀರು ಹಸಿರು. ಅದರಿಂದ ನೇರವಾಗಿ ಎದ್ದ ಬಂಡೆಗಳು, ತಲೆಯ ಮೇಲೆ ಕಾಡು. ನೀರಿನ ಮಟ್ಟದಲ್ಲಿ ಒಂದೊಂದು ಬೆಟ್ಟದ ಬುಡವೂ ಸುತ್ತ ಒಳಗೆ ಕೊರೆದುಹೋಗಿತ್ತು. ನಾನು ಹೇಳಿಕೊಟ್ಟಿದ್ದೆಲ್ಲ ನಿಜವಾಗಿತ್ತು. ದೋಣಿ ಇಳಿದು ಒಂದು ಗುಹೆಯ ಗೋಡೆ ಮುಟ್ಟಿದೆ, ಒದ್ದೆಯಾಗಿ ತಣ್ಣಗಿತ್ತು. “ರೀ, ಇಲ್ನೋಡಿ” ಎಂದು ಬಾಯಿಬಿಟ್ಟು ಕರೆದು, ಪಕ್ಕಕ್ಕೆ ತಿರುಗಿದೆ. ಅಲ್ಲಿ ಯಾರೋ ಆಸ್ಟ್ರೇಲಿಯಾದವರು ನಿಂತಿದ್ದರು. ನಲವತ್ತು ವರ್ಷ ಜೊತೆಗಿದ್ದವರು ಇಂಥ ಜಾಗದಲ್ಲಿ ಇಲ್ಲವಲ್ಲ ಎನ್ನಿಸಿತು. ಫೋಟೊ ತೆಗೆಯುವುದೂ ಮರೆತುಹೋಯಿತು.

ನಾಲ್ಕು ಗಂಟೆಗೆ ವಾಪಸು ಬಂದಾಗ ಇವರು ಹಡಗಿನ ಮೆಟ್ಟಿಲ ಹತ್ತಿರವೇ ಕಾಯುತ್ತಿದ್ದರು. ಅವರಿಗೆ ಬೇಜಾರಾಗಬಾರದೆಂದು, “ಏನಿಲ್ಲ ಬಿಡಿ, ಬರೀ ಬಂಡೆ” ಎಂದೆ.

“ಸುಳ್ಳು. ನಿನ್ ಮುಖ ನೋಡಿದ್ರೆ ಗೊತ್ತಾಗಲ್ವಾ? ಸರಿಯಾಗಿ ಹೇಳು, ಮೊದಲಿಂದ.”

ಮೇಲಿನ ಡೆಕ್ಕಿಗೆ ಹೋಗಿ ಕಂಬಿ ಹಿಡಿದು ನಿಂತೆವು. ಹಡಗು ನಿಧಾನವಾಗಿ ಕೊಲ್ಲಿಯಿಂದ ಹೊರಟಿತು. ನಾನು ಒಂದೊಂದು ಬೆಟ್ಟ ತೋರಿಸುತ್ತಾ ಹೇಳುತ್ತಾ ಹೋದೆ: ಮಳೆ, ಬಿರುಕು, ಗುಹೆ, ಕುಸಿತ. ಅವರು ನಡುನಡುವೆ ಪ್ರಶ್ನೆ ಕೇಳಿದರು. ಅಷ್ಟು ಗಮನವಿಟ್ಟು ಕೇಳಿದ ವಿದ್ಯಾರ್ಥಿ ನನಗೆ ಸಿಕ್ಕಿದ್ದು ಕಡಿಮೆ. ಹೇಳಿ ಮುಗಿಸುವ ಹೊತ್ತಿಗೆ ಬೆಟ್ಟಗಳು ಹಿಂದೆ ಬಿದ್ದು ಬೂದಿಬಣ್ಣಕ್ಕೆ ತಿರುಗಿದ್ದವು.

“ಕಾಫಿಗೆ ದುಡ್ಡು ಚೆಲ್ಲಿ ಇದನ್ನ ಕಳ್ಕೊಂಡ್ನಲ್ಲೇ,” ಎಂದರು. ಆಮೇಲೆ ತುಂಟತನ ಮರಳಿ ಬಂತು. “ಮುಂದಿನ್ಸಲ ನೀನು ಹಡಗಲ್ಲಿರು. ನಾನ್ ಹೋಗಿ ನೋಡ್ಕೊಂಡ್ ಬಂದು ನಿಂಗೆ ಹೇಳ್ತೀನಿ.”

“ಬೇಡ,” ಎಂದೆ. “ಹೋದ್ರೆ ಇಬ್ಬರೂ ಹೋಗೋಣ. ಇಲ್ಲಾಂದ್ರೆ ಇಬ್ಬರೂ ಹಡಗಲ್ಲೇ ಕೂರೋಣ.”