ಅಕ್ಕನ ಏಳು ಜ್ವರಗಳು

ಆ ಏಳು ರಜೆ ಅರ್ಜಿಗಳನ್ನು ಬರೆದವನು ನಾನು. ಕೆಳಗಿನ ಸಹಿ ಮಾತ್ರ ಅಕ್ಕನದು.

ಎರಡನೆಯ ಮಹಾಯುದ್ಧದ ವರ್ಷಗಳು. ಗಂಡ ತೀರಿಕೊಂಡ ಮೇಲೆ ಅಕ್ಕ ತರಬೇತಿ ಮುಗಿಸಿ, ಮಳವಳ್ಳಿಯ ಹೆಣ್ಣುಮಕ್ಕಳ ಸರ್ಕಾರಿ ಶಾಲೆಯೊಂದರಲ್ಲಿ ಉಪಾಧ್ಯಾಯಿನಿಯಾಗಿದ್ದಳು. ಐದು ವರ್ಷದ ಮಗ ಅವಳ ಜೊತೆಗಿದ್ದ. ನಾನೂ ಅದೇ ಮನೆಯಲ್ಲಿದ್ದು ಮೈಸೂರಿನ ವಾರಪತ್ರಿಕೆಯೊಂದಕ್ಕೆ ತಾಲ್ಲೂಕಿನ ಸುದ್ದಿ ಕಳಿಸುತ್ತಿದ್ದೆ. ಹಗಲೆಲ್ಲ ಹಳ್ಳಿ ಸುತ್ತುವ ಕೆಲಸ. ಅಕ್ಷರ ದುಂಡಗಿದ್ದುದರಿಂದ ಬೀದಿಯವರ ಅರ್ಜಿಗಳೂ ನನ್ನ ಪಾಲಿಗೇ ಬರುತ್ತಿದ್ದವು.

ಮಗುವಿಗೆ ಕಾಯಿಲೆ ಎಂದರೆ ಆ ಶಾಲೆಯಲ್ಲಿ ರಜೆ ಇರಲಿಲ್ಲ. ಕಾಯಿಲೆ ಕೆಲಸದವರಿಗೇ ಬರಬೇಕಿತ್ತು. ಹಾಗಾಗಿ ಎಲ್ಲರೂ ‘ನನಗೆ ಜ್ವರ’ ಎಂದೇ ಬರೆಯುತ್ತಿದ್ದರು. ಅದನ್ನು ಓದಿ ಮಂಜೂರು ಮಾಡುವ ಮುಖ್ಯೋಪಾಧ್ಯಾಯಿನಿಗೂ ಅದು ಗೊತ್ತಿತ್ತು. ಅಕ್ಕನಿಗೆ ಒಂದೂವರೆ ವರ್ಷದಲ್ಲಿ ಏಳು ಸಲ ಜ್ವರ ಬಂತು. ಏಳೂ ಸಲ ಮಲಗಿದ್ದವನು ಮಗ.

ಅವಳ ಗಂಡನ ಅಣ್ಣ, ನಾವು ಬಾವ ಎನ್ನುತ್ತಿದ್ದವರು, ಮದ್ದೂರಿನ ಕಡೆಯ ಹಳ್ಳಿಯವರು. ತಮ್ಮ ಸತ್ತ ಮೇಲೆ ಎರಡು ವರ್ಷ ನಮ್ಮತ್ತ ಸುಳಿದಿರಲಿಲ್ಲ. ಮಳೆ ನಂಬಿದ್ದ ಅವರ ಹೊಲಕ್ಕೆ ನಾಲೆಯ ನೀರು ಹರಿದ ವರ್ಷ ಬರಲು ಶುರುಮಾಡಿದರು. ಆ ಹೊಲದಲ್ಲಿ ಮಗುವಿನ ತಂದೆಯ ಪಾಲೂ ಇತ್ತು. ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸಿನಿಂದ ಮಸಿ ಮೆತ್ತಿಕೊಂಡು ಇಳಿದು, ಬೆಲ್ಲದ ಅಚ್ಚು ಹಿಡಿದು ಬರುತ್ತಿದ್ದರು.

“ಏನವ್ವ, ಮೈ ಉಸಾರಾಗೈತಾ? ಬಾಳ ಸೊರಗೋಗಿದ್ದೀಯಲ್ಲ,” ಎನ್ನುತ್ತಿದ್ದರು, ಪಕ್ಕದ ಮನೆಯವರಿಗೂ ಕೇಳುವಷ್ಟು ಗಟ್ಟಿಯಾಗಿ.

ಅವರು ಹೋದ ಮೇಲೆ ಅಕ್ಕ ಕೇಳಿದಳು: “ಮಗೀನ್ ಇಸ್ಯ ಬುಟ್ಟು ನನ್ ಮೈ ಇಸ್ಯ ಯಾಕ್ಲಾ ಕೇಳ್ತಾರೆ ಇವ್ರು?”

“ನಿಂಗೆ ಎಲ್ಲಾದ್ರಲ್ಲೂ ಅನುಮಾನ ಕಣಕ್ಕ.”

“ನಿಂಗೆ ಒಂದ್ರಲ್ಲೂ ಇಲ್ವಲ್ಲ. ನೀನೆಂತಾ ಪತ್ರಿಕೆಯೋನ್ಲಾ?”

ಎರಡು ತಿಂಗಳಲ್ಲಿ ಮಂಡ್ಯದ ಕೋರ್ಟಿನಿಂದ ನೋಟೀಸು ಬಂತು. ಮಗುವಿನ ಪಾಲಕತ್ವ ತಮಗೆ ಬೇಕೆಂದು ಬಾವ ಅರ್ಜಿ ಹಾಕಿದ್ದರು. ತಾಯಿಗೆ ಮತ್ತೆ ಮತ್ತೆ ಜ್ವರ, ಕ್ಷಯವಿರಬಹುದು, ಜೊತೆಯಲ್ಲಿದ್ದರೆ ಮಗುವಿಗೂ ಅಪಾಯ. ಇದಕ್ಕೆ ಸಾಕ್ಷಿಯಾಗಿ ಏಳು ರಜೆ ಅರ್ಜಿಗಳ ನಕಲು. ನನ್ನ ವಾಕ್ಯಗಳನ್ನು ಬೇರೆ ಯಾರದೋ ಅಕ್ಷರದಲ್ಲಿ ಓದಿದೆ.

ನಕಲು ಕೊಟ್ಟವರು ಯಾರು? ಮುಖ್ಯೋಪಾಧ್ಯಾಯಿನಿಯ ಮೇಲೆ ಅನುಮಾನಪಟ್ಟೆವು, ಜವಾನನ ಮೇಲೆ, ಸಂಜೆ ಕಾಫಿಗೆ ಬರುತ್ತಿದ್ದ ಜೊತೆಯ ಉಪಾಧ್ಯಾಯಿನಿಯ ಮೇಲೆ. ಅಕ್ಕ ಹಗಲಲ್ಲೂ ಅಗುಳಿ ಹಾಕತೊಡಗಿದಳು. ಯಾರೆಂದು ಇವತ್ತಿಗೂ ಗೊತ್ತಿಲ್ಲ, ಆದ್ದರಿಂದ ಬರೆಯುವುದಿಲ್ಲ.

ಜ್ವರ ನಿಜವೆಂದರೆ ಮಗ ಹೋಗುತ್ತಾನೆ. ಸುಳ್ಳೆಂದರೆ ಕೆಲಸ ಹೋಗಬಹುದು. ನಮ್ಮ ವಕೀಲರು ಮೂರನೆಯ ದಾರಿ ತೋರಿಸಿದರು: ಮಲೇರಿಯಾ ಆಗಿತ್ತು, ವಾಸಿಯಾಯಿತು ಎಂದುಬಿಡಿ, ನಾಲೆಯ ಸೀಮೆಯಲ್ಲಿ ಯಾರಿಗೆ ಬರುವುದಿಲ್ಲ?

ನನಗೆ ಒಪ್ಪಿಗೆಯಾಯಿತು. ಅಕ್ಕನಿಗೆ ಆಗಲಿಲ್ಲ. “ಔಸ್ದಿ ಎಲ್ ತಕಂಡೆ ಅಂದ್ರೆ ಏನೇಳ್ಲಿ? ಮದ್ಲು ಆಸ್ಪತ್ರೆಗೋಗಿ ಪುಸ್ತಕ ನೋಡ್ಕಂಡ್ ಬಾ.”

ಆಸ್ಪತ್ರೆಯ ಪುಸ್ತಕದಲ್ಲಿ ಏಳೂ ದಿನ ಮಗನ ಹೆಸರಿತ್ತು. ಅಕ್ಕನ ಹೆಸರು ಒಂದು ಸಲವೂ ಇರಲಿಲ್ಲ. ಡಾಕ್ಟರರ ಸಹಿ ಹಾಕಿಸಿ ಪಟ್ಟಿ ತಂದೆ. ಇದನ್ನು ಕೋರ್ಟಿಗೆ ಕೊಟ್ಟರೆ ಅರ್ಜಿಗಳು ಸುಳ್ಳೆಂದು ನಾವೇ ಒಪ್ಪಿದಂತೆ ಎಂದೆ.

“ಕೊಡು,” ಅಂದಳು.

ಮಂಡ್ಯದಲ್ಲಿ ನ್ಯಾಯಾಧೀಶರು ಅರ್ಜಿಗಳನ್ನೂ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು.

“ಏಳು ಸಲ ಸುಳ್ಳು ಬರೆದಿರಾ?”

“ಏಳು ಸಲವೂ, ಸ್ವಾಮಿ. ನಿಜ ಬರೆದಿದ್ರೆ ರಜ ಸಿಕ್ತಿರ್ಲಿಲ್ಲ. ಜ್ವರ ಬಂದ ಮಗನ್ನ ಒಬ್ಬನ್ನೇ ಬಿಟ್ಟು ಹೋಗ್ಬೇಕಿತ್ತು.”

ಸರ್ಕಾರಕ್ಕೇ ಸುಳ್ಳು ಹೇಳುವವರ ಕೈಯಲ್ಲಿ ಮಗುವನ್ನು ಬಿಡುವುದೇ ಎಂದು ಬಾವನ ವಕೀಲರು ಕೇಳಿದರು. ನ್ಯಾಯಾಧೀಶರು ಬಾವನತ್ತ ತಿರುಗಿದರು. “ಇಷ್ಟು ಸಲ ಹುಡುಗನಿಗೆ ಜ್ವರ ಬಂದದ್ದು ನಿಮಗೆ ಗೊತ್ತಿತ್ತೇ?”

“ನಾನ್ ನೋಡಾಕ್ ಓದಾಗೆಲ್ಲ ಚೆನ್ನಾಗೇ ಇದ್ದ, ಬುದ್ಧಿ.”

ಮಗ ತಾಯಿಯ ಬಳಿ ಉಳಿದ. ಅವನ ಪಾಲಿನ ಹೊಲವನ್ನು ಕೋರ್ಟಿನ ಅಪ್ಪಣೆಯಿಲ್ಲದೆ ಯಾರೂ ಮಾರುವಂತಿಲ್ಲ ಎಂದಾಯಿತು. ಹೊರಗೆ ಬಾವ ನಗುತ್ತಲೇ ಹತ್ತಿರ ಬಂದರು. “ಮಗೀನ ನೋಡಾಕೆ ಬತ್ತಿರ್ತೀನಿ ಕಣವ್ವ.”

“ಬನ್ನಿ, ಬಾವ. ಬರೋಕ್ ಮುಂಚೆ ಒಂದ್ ಅರ್ಜಿ ಹಾಕ್ಕಳಿ.”

ಇಲಾಖೆಯವರು ಅಕ್ಕನ ಕೆಲಸ ತೆಗೆಯಲಿಲ್ಲ. ಶಿವಪುರದ ಆಚೆಯ ಒಂದು ಹಳ್ಳಿಗೆ ವರ್ಗ ಮಾಡಿದರು. ಅಲ್ಲಿ ಮಗನಿಗೆ ಮಂಗನಬಾವು ಬಂದಾಗ ನಾನು ಅಭ್ಯಾಸಬಲದಿಂದ ಕಾಗದ, ಲೇಖನಿ ತೆಗೆದುಕೊಂಡು ಕೂತೆ.

“ತತ್ತಾ ಇಲ್ಲಿ. ನಿನ್ ದುಂಡಕ್ಸರ ಸಾಕು,” ಎಂದು ಕಾಗದ ಕಿತ್ತುಕೊಂಡಳು.

‘ನನ್ನ ಮಗನಿಗೆ ಮಂಗನಬಾವು. ಮೂರು ದಿನ ಬರಲಾಗುವುದಿಲ್ಲ.’ ಅಷ್ಟೇ ಬರೆದಳು. ರಜೆ ಕೊಡಿ ಎಂದು ಕೇಳಿರಲಿಲ್ಲ. ಇನ್ನೊಂದು ಹಾಳೆಯಲ್ಲಿ ಅದನ್ನೇ ನಕಲು ಮಾಡಿ, ನನ್ನಿಂದ ಸಾಕ್ಷಿ ರುಜು ಹಾಕಿಸಿ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಬೀಗದ ಕೈಯನ್ನು ನನ್ನ ಕೈಗೂ ಕೊಡಲಿಲ್ಲ.