ಅಕ್ಕನ ಆಲ್ಟೋ

ನನಗೆ ಒಂದು ಹಾಡಿನ ಕಾಲು ಭಾಗ ಬಹಳ ಚೆನ್ನಾಗಿ ಬರುತ್ತದೆ. ಉಳಿದ ಮುಕ್ಕಾಲು ಬರುವುದಿಲ್ಲ. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ತುಮಕೂರಿನ ನಮ್ಮ ಚರ್ಚಿನಲ್ಲಿ ಹಾಡುವವರೆಲ್ಲರದೂ ಇದೇ ಪಾಡು. ಕಾಲು ಭಾಗ ಎಂದರೆ ನಾಲ್ಕು ಚರಣಗಳಲ್ಲಿ ಒಂದು ಎಂದು ತಿಳಿಯಬೇಡಿ. ಚರಣಗಳೆಲ್ಲ ಬಾಯಿಪಾಠ. ನಾನು ಹೇಳುತ್ತಿರುವುದು ಒಂದೇ ಹಾಡನ್ನು ಅಡ್ಡಡ್ಡಲಾಗಿ ಸೀಳಿ ನಾಲ್ಕು ಪಾಲು ಮಾಡುವ ವಿದ್ಯೆಯ ವಿಷಯ. ಎಲ್ಲಕ್ಕಿಂತ ಮೇಲಿನದು ರಾಗ; ಜನ ಹಾಡು ಎಂದು ಗುರುತು ಹಿಡಿಯುವುದು ಅದನ್ನೇ. ಅದರ ಕೆಳಗೆ ಹೆಂಗಸರದೇ ಇನ್ನೊಂದು ಪಾಲು, ಆಲ್ಟೋ. ಅದರ ಕೆಳಗೆ ಗಂಡಸರ ಟೆನರ್. ತಳದಲ್ಲಿ ಬೇಸ್. ನಾನು ಬೇಸ್. ಡಿಸೆಂಬರಿನಲ್ಲಿ ಬಚ್ಚಲಿನಲ್ಲಿ ನೀರು ಹುಯ್ದುಕೊಳ್ಳುತ್ತ ನಾನು ಕ್ರಿಸ್ಮಸ್ ಹಾಡು ಹೇಳಿಕೊಂಡರೆ, ಯಾರಿಗೋ ಹೊಟ್ಟೆನೋವು ಬಂದ ಹಾಗೆ ಕೇಳಿಸುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ.

ನಾನು ಭೂಗೋಳ ಕಲಿಸುವ ಹೈಸ್ಕೂಲಿನಲ್ಲಿ ಒಬ್ಬರು ಸಂಸ್ಕೃತ ಪಂಡಿತರಿದ್ದಾರೆ. ಸಂಗೀತ ಬಲ್ಲವರು. ಒಂದು ಸಲ ನಮ್ಮ ಕ್ರಿಸ್ಮಸ್ ಆರಾಧನೆಗೆ ಸ್ನೇಹಕ್ಕಾಗಿ ಬಂದು ಕೊನೆಯ ಬೆಂಚಿನಲ್ಲಿ ಕೂತು ಕೇಳಿದರು. ಮಾರನೆಯ ದಿನ, "ಅಲ್ಲಯ್ಯ, ಒಂದೇ ಮಾತನ್ನ ನಾಲ್ಕು ಜನ ನಾಲ್ಕು ಥರ ಹೇಳಿದ್ರೆ ಅದಕ್ಕೆ ನಾವು ಜಗಳ ಅಂತೀವಿ. ನೀವು ಸಂಗೀತ ಅಂತೀರಲ್ಲ" ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ನಮ್ಮ ದೇಶದ ಸಂಗೀತಕ್ಕೆ ಒಂದು ರಾಗ, ಅದಕ್ಕೊಂದು ಶ್ರುತಿ ಸಾಕು. ವಿದ್ವಾಂಸರು ಎಷ್ಟು ಎತ್ತರಕ್ಕೆ ಹೋದರೂ ಯಾರಾದರೊಬ್ಬರು ಹಿಂದೆ ಕೂತು ತಂಬೂರಿ ಮೀಟುತ್ತಿರುತ್ತಾರೆ, ಅವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಇಂಗ್ಲೆಂಡಿನವರು ಮಾತ್ರ ಹಾಡನ್ನೂ ಖಾತೆ ಭೂಮಿಯ ಹಾಗೆ ಪಾಲು ಮಾಡಿಕೊಂಡರು. ಆ ಹಿಮ ಬೀಳುವ ಊರಿನ ಹಳೆಯ ಹಾಡೊಂದು ಹಡಗು ಹತ್ತಿ, ಯಾರದೋ ಕೈಯಲ್ಲಿ ಕನ್ನಡವಾಗಿ, ಅವರೆಕಾಯಿ ಕಾಲದ ತುಮಕೂರಿಗೆ ಬಂದು ತಳವೂರಿತು. ನಾವು ಅದನ್ನು ನಮ್ಮದೇ ಎಂದುಕೊಂಡು ಅಜ್ಜನ ಕಾಲದಿಂದ ಹಾಡುತ್ತಿದ್ದೇವೆ.

ನಮಗೆ ಅದನ್ನು ಕಲಿಸಿದವರು ಸಮಾಧಾನಪ್ಪ ಮೇಷ್ಟ್ರು. ಹೆಸರಿನಲ್ಲಿದ್ದ ಸಮಾಧಾನ ಅವರ ಬೆತ್ತದಲ್ಲಿರಲಿಲ್ಲ. ಅವರದು ಒಂದು ವಿಚಿತ್ರ ಪದ್ಧತಿ. ನವೆಂಬರ್ ಹುಟ್ಟಿದ ಕೂಡಲೇ ನಾಲ್ಕು ಪಾಲಿನವರನ್ನೂ ನಾಲ್ಕು ಕಡೆ ಕೂರಿಸುತ್ತಿದ್ದರು. ರಾಗದವರು ಚರ್ಚಿನೊಳಗೆ, ಆಲ್ಟೋ ಪಾದ್ರಿ ಅಯ್ಯನವರ ಮನೆಯ ಜಗಲಿಯಲ್ಲಿ, ಟೆನರ್ ಸ್ಕೂಲಿನಲ್ಲಿ, ನಾವು ಬೇಸಿನವರು ಸೌದೆ ಕೊಟ್ಟಿಗೆಯಲ್ಲಿ. ಕೊನೆಯ ವಾರ ಮಾತ್ರ ಎಲ್ಲರನ್ನೂ ಒಟ್ಟಿಗೆ ನಿಲ್ಲಿಸುತ್ತಿದ್ದರು. ಆಗಲೂ ಪಕ್ಕದವರ ಸ್ವರ ಎಳೆದುಕೊಂಡು ಹೋಗದಿರಲಿ ಎಂದು ಪ್ರತಿಯೊಬ್ಬರೂ ಆ ಕಡೆಯ ಕಿವಿಗೆ ಬೆರಳಿಟ್ಟುಕೊಂಡು ಹಾಡಬೇಕು. ಮನುಷ್ಯರೊಳಗೆ ಮಡಿ ಮೈಲಿಗೆ ಇಲ್ಲ ಎಂದು ಪ್ರತಿ ಭಾನುವಾರ ಉಪದೇಶ ಕೇಳುತ್ತಿದ್ದ ನಾವು ಸ್ವರಗಳಿಗೆ ಮಾತ್ರ ಕಟ್ಟುನಿಟ್ಟಾಗಿ ಮಡಿ ಮಾಡಿದ್ದೆವು. ಬೇರೆ ಊರಿನವರು ನೋಡಿದರೆ ಇಡೀ ಊರಿಗೇ ಕಿವಿನೋವು ಬಂದಿದೆ ಎಂದುಕೊಳ್ಳಬೇಕು. ನಮಗೆ ಅದರಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ.

ಆಲ್ಟೋದಲ್ಲಿ ನಮ್ಮ ಅಕ್ಕ ಇದ್ದಳು, ಸುಗುಣ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ರೈಲ್ವೆ ಗಾರ್ಡನ್ನು ಮದುವೆಯಾಗಿ ನಮ್ಮ ಬೀದಿಯಲ್ಲೇ ಮನೆ ಮಾಡಿದಳು, ನನಗೆ ಊಟಕ್ಕೆ ತೊಂದರೆಯಾಗಬಾರದು ಎಂದು. ಐವತ್ತರ ದಶಕ ಇನ್ನೂ ಅರ್ಧ ದಾಟಿರಲಿಲ್ಲ, ಒಂದು ಮಳೆಗಾಲದಲ್ಲಿ ಅವಳಿಗೆ ವಿಷಮಶೀತಜ್ವರ ಬಂತು. ಇಪ್ಪತ್ತು ದಿನ ಮಲಗಿದ್ದು ತೀರಿಕೊಂಡಳು. ಮಗಳು ಕರುಣಾಗೆ ಆಗ ಏಳು ವರ್ಷ. ಭಾವ ಮಗುವನ್ನು ಹಾಸನಕ್ಕೆ, ತಮ್ಮ ತಾಯಿಯ ಮನೆಗೆ ಕಳಿಸಿದರು. ಆ ಕ್ರಿಸ್ಮಸ್ಸಿಗೆ ಮೇಷ್ಟ್ರು ಆಲ್ಟೋವನ್ನು ಕೈಬಿಟ್ಟರು. ಅದಾದ ಮೇಲೆ ನಮ್ಮ ಹಾಡು ಮೂರು ಕಾಲಿನ ಮಂಚವಾಯಿತು. ಬೀಳಲಿಲ್ಲ, ಆದರೆ ಕೂತವರಿಗೆಲ್ಲ ಗೊತ್ತಾಗುತ್ತಿತ್ತು.

ಹೋದ ವರ್ಷ ಕರುಣಾ ಟೀಚರ್ ಟ್ರೈನಿಂಗಿಗೆಂದು ತುಮಕೂರಿಗೆ ಬಂದು ನಮ್ಮ ಮನೆಯಲ್ಲಿ ಉಳಿದಳು. ಹತ್ತೊಂಬತ್ತರ ಹುಡುಗಿ. ಅಕ್ಕನ ಹಣೆ, ಅಕ್ಕನ ಹಾಗೆಯೇ ಕಡಿಮೆ ಮಾತು. ನವೆಂಬರಿನಲ್ಲಿ ಒಂದು ಸಂಜೆ ನನ್ನ ಕುರ್ಚಿಯ ಹತ್ತಿರ ಬಂದು ನಿಂತು, "ಮಾಮ, ಅಮ್ಮ ಹಾಡ್ತಿದ್ದ ಪಾರ್ಟು ನಂಗೆ ಹೇಳ್ಕೊಡಿ. ಈ ಸಲ ಅದನ್ನ ನಾನು ಹಾಡ್ತೀನಿ" ಎಂದಳು. ಅವಳ ಬಳಿ ಅಮ್ಮನದು ಎಂದು ಒಂದು ಮಾಸಿದ ಫೋಟೋ, ಎರಡು ಸೀರೆ ಬಿಟ್ಟರೆ ಬೇರೇನೂ ಇರಲಿಲ್ಲ. ಅಮ್ಮನ ಧ್ವನಿ ಹೇಗಿತ್ತು ಎಂಬುದೂ ತನಗೆ ಮರೆತುಹೋಗಿದೆ ಎಂದಳು.

ಅದಕ್ಕೇನಂತೆ ಎಂದು ನಾನು ಗಂಟಲು ಸರಿಮಾಡಿಕೊಂಡೆ. ಬಾಯಿ ತೆರೆದರೆ ಬಂದದ್ದು ನನ್ನ ಬೇಸ್. ಮತ್ತೆ ತೆರೆದೆ, ಮತ್ತೆ ಅದೇ. ಮೂರನೆಯ ಸಾಲಿನಲ್ಲಿ ರಾಗ ಮೇಲೆ ಏರುವಾಗ ಅಕ್ಕನ ಧ್ವನಿ ಎಲ್ಲೋ ಒಂದು ಕಡೆ ನಿಂತುಬಿಡುತ್ತಿತ್ತು ಎಂಬಷ್ಟು ಮಾತ್ರ ಮಸುಕಾಗಿ ನೆನಪು. ಎಲ್ಲಿ ನಿಲ್ಲುತ್ತಿತ್ತು ಎಂಬುದು ಗೊತ್ತಿಲ್ಲ. ಹನ್ನೊಂದು ವರ್ಷ ಅವಳ ಹಿಂದಿನ ಸಾಲಿನಲ್ಲಿ, ಒಂದು ಮೊಳ ದೂರದಲ್ಲಿ ನಿಂತು ಹಾಡಿದ್ದೇನೆ. ಹನ್ನೊಂದು ವರ್ಷವೂ ಕಿವಿಗೆ ಬೆರಳಿಟ್ಟುಕೊಂಡಿದ್ದೆ. ಕರುಣಾ ಕಾದು ನೋಡಿ, "ಪರ್ವಾಗಿಲ್ಲ ಬಿಡಿ ಮಾಮ" ಎಂದು ಒಳಗೆ ಹೋದಳು.

ಮೊದಲು ಹಳಬರನ್ನೆಲ್ಲ ವಿಚಾರಿಸಿದೆ. ಟೆನರಿನವರು ಟೆನರ್ ಹಾಡಿ ತೋರಿಸಿದರು. ರಾಗದವರು ರಾಗ ಹಾಡಿದರು. "ಸುಗುಣಮ್ಮನ ಆಲ್ಟೋನಾ? ಆಹಾ, ಏನ್ ಚೆನ್ನಾಗಿ ಹಾಡೋರು!" ಎಂದು ಎಲ್ಲರೂ ಹೊಗಳಿದರು. ಕೇಳಿಸಿಕೊಂಡವರು ಒಬ್ಬರೂ ಇರಲಿಲ್ಲ.

ಒಂದು ಶನಿವಾರ ಸ್ಕೂಲು ಮುಗಿಸಿ ರೈಲು ಹತ್ತಿ ಗುಬ್ಬಿಗೆ ಹೋದೆ. ಮೇಷ್ಟ್ರು ನಿವೃತ್ತಿಯಾಗಿ ಅಲ್ಲಿ ಮಗನ ಮನೆಯಲ್ಲಿದ್ದರು. ಬೆತ್ತ ಹೋಗಿ ಊರುಗೋಲು ಬಂದಿತ್ತು. ನಾಲ್ಕೂ ಪಾಲನ್ನು ಕೈಯಿಂದ ಬರೆದಿಟ್ಟ ಅವರ ಪುಸ್ತಕವೊಂದಿತ್ತು, ಅದರ ಮೇಲೆ ನನ್ನ ಆಸೆ. ಎರಡು ಸಲ ಕೂಗಿ ಹೇಳಿದ ಮೇಲೆ ಅವರಿಗೆ ನಾನು ಬಂದ ಕಾರಣ ಕೇಳಿಸಿತು.

"ಪುಸ್ತಕ ಎಲ್ಲಿಂದ ತರ್ಲೋ? ಗೆದ್ದಲು ತಿಂದು ನಾಲ್ಕು ವರ್ಷ ಆಯ್ತು" ಎಂದರು. ಆಮೇಲೆ, "ನಾಲ್ಕೂ ಪಾರ್ಟನ್ನ ಒಟ್ಟಿಗೆ ಸವಿದಿದ್ದು ಅಂದ್ರೆ ಆ ಗೆದ್ದಲು ಮಾತ್ರ ಕಣೋ" ಎಂದು ತಾವೇ ನಕ್ಕರು. ನನಗೆ ನಗು ಬರಲಿಲ್ಲ. "ಪುಸ್ತಕ ಇದ್ದಿದ್ರೂ ನಿಂಗೆ ಪ್ರಯೋಜನ ಇರ್ಲಿಲ್ಲ. ಮೂರನೇ ಸಾಲಲ್ಲಿ ಸುಗುಣ ನಾನು ಬರೆದಿದ್ದನ್ನ ಹಾಡ್ತಾನೇ ಇರ್ಲಿಲ್ಲ. ಒಂದೇ ಸ್ವರದಲ್ಲಿ ನಿಂತ್ಬಿಡ್ತಿದ್ಲು. ಮೊದಲ್ನೇ ವರ್ಷ ಬೈದೆ. ಆಮೇಲೆ ಇದೇ ವಾಸಿ ಅನ್ನಿಸ್ತು, ಸುಮ್ನಾದೆ."

"ಯಾವ ಸ್ವರ ಮೇಷ್ಟ್ರೇ?"

ಅವರು ಗೊತ್ತಿಲ್ಲವೆಂದು ಕೈಯಾಡಿಸಿದರು. "ನಾನು ತಪ್ಪು ಮಾಡೋರ್ನ ಕೇಳಿಸ್ಕೊತಿದ್ದೆ ಕಣೋ. ಅವಳು ತಪ್ಪು ಮಾಡ್ತಿರ್ಲಿಲ್ಲ. ಅವಳ ಕಡೆ ಕಿವಿ ಕೊಟ್ಟಿದ್ದು ಕಡಿಮೆ." ಮೇಷ್ಟ್ರ ಕೆಲಸ ಮಾಡುವ ನನಗೆ ಈ ಮಾತು ಚುಚ್ಚಿತು. ನನ್ನ ಕ್ಲಾಸಿನಲ್ಲೂ ಹೆಸರು ನೆನಪಿರುವುದು ಕೀಟಲೆ ಹುಡುಗರದೇ. ಹೊರಡುವಾಗ ಅವರು, ಆಲ್ಟೋದಲ್ಲಿ ಅಕ್ಕನ ಪಕ್ಕ ರತ್ನಮ್ಮ ಎಂಬ ನರ್ಸ್ ಇದ್ದಳು, ಈಗ ಕುಣಿಗಲ್ಲಿನಲ್ಲಿದ್ದಾಳೆ, ಕೇಳಿ ನೋಡು ಎಂದರು.

ಮುಂದಿನ ಭಾನುವಾರ ಆರಾಧನೆ ಮುಗಿಸಿ ಕುಣಿಗಲ್ ಬಸ್ಸು ಹತ್ತಿದೆ. ಗೂಳೂರಿನಲ್ಲಿ ಹತ್ತಿದ ಒಬ್ಬ ರೈತ ಮೂಟೆಯನ್ನು ನನ್ನ ಕಾಲ ಮೇಲಿಟ್ಟು ದಾರಿಯುದ್ದಕ್ಕೂ ನಿದ್ದೆ ಮಾಡಿದ. ಕುಣಿಗಲ್ಲಿನಲ್ಲಿ ಇಳಿದು ಮನೆ ಹುಡುಕಿಕೊಂಡು ಹೋದರೆ, ನರ್ಸಮ್ಮ ಹೆರಿಗೆ ಮಾಡಿಸಲು ಕೊತ್ತಗೆರೆಗೆ ಹೋಗಿದ್ದಾರೆ ಎಂದರು. ಮಧ್ಯಾಹ್ನ ಮೂರರವರೆಗೆ ಜಗಲಿಯಲ್ಲಿ ಕೂತೆ. ಕಾಲು ಭಾಗ ಹಾಡಿಗಾಗಿ ಊರೂರು ಅಲೆಯುವ ಗೃಹಸ್ಥನನ್ನು ನೋಡಿ ಬೀದಿಯ ನಾಯಿಗೂ ಅನುಮಾನ ಬಂದಿರಬೇಕು, ಎದುರಿಗೇ ಕೂತಿತ್ತು.

ರತ್ನಮ್ಮ ಬಂದವರು ಕೈಕಾಲು ತೊಳೆದು, ಕಾಫಿ ಕೊಟ್ಟು, ನನ್ನ ಮಾತು ಕೇಳಿ ತಲೆಯಾಡಿಸಿದರು. "ನಂಗೆಲ್ಲಿ ಬರುತ್ತಪ್ಪ? ನಾನು ಸುಗುಣನ್ನ ಕೇಳ್ಕೊಂಡು ಹಾಡ್ತಿದ್ದೋಳು." ಕೇಳಿಕೊಂಡು ಹೇಗೆ, ಕಿವಿಗೆ ಬೆರಳು ಇಟ್ಟುಕೊಳ್ಳುತ್ತಿರಲಿಲ್ಲವೇ ಎಂದೆ. ಅವರು ನಾಚಿಕೊಂಡರು. "ಮೇಷ್ಟ್ರು ನೋಡ್ಲಿ ಅಂತ ಇಟ್ಕೊತಿದ್ದೆ. ಒತ್ತಿ ಹಿಡೀತಿರ್ಲಿಲ್ಲ." ಮೇಷ್ಟ್ರ ಮಾತು ನಡೆಸಿದ ನಾವೆಲ್ಲ ಕಳೆದುಕೊಂಡದ್ದು ಕದ್ದು ಕೇಳಿದ ಒಬ್ಬಳ ಹತ್ತಿರ ಉಳಿದಿತ್ತು.

ಆದರೆ ಒಬ್ಬರೇ ಹಾಡಲು ಹೋದರೆ ಅವರಿಗೆ ಬರಲಿಲ್ಲ. ಎರಡು ಪದಕ್ಕೆ ನಿಂತುಹೋಯಿತು. "ನೀನು ನಿಂದು ಹಾಡು ನೋಡಣ" ಎಂದರು. ನಾನು ಬೇಸ್ ಹಿಡಿದೆ. ಅವರು ಕಣ್ಣು ಮುಚ್ಚಿದರು. ಮೊದಲ ಸಾಲಿನ ಕೊನೆಗೆ ಅವರ ಸ್ವರ ನನ್ನದರ ಮೇಲೆ ಬಂದು ಕೂತಿತು. ಮೊದಲ ಬಾರಿಗೆ ಕಿವಿ ಬಿಟ್ಟುಕೊಂಡು ಕೇಳಿದ ನಾನು ನನ್ನದನ್ನೇ ಮರೆತೆ. ಮೂರು ಸಲ ಹೀಗೆ ಕೆಡಿಸಿದ ಮೇಲೆ ನಾಲ್ಕನೆಯ ಸಲ ಪೂರ್ತಿ ಬಂತು. ಮೂರನೆಯ ಸಾಲಿನಲ್ಲಿ, ರಾಗ ಮೆಟ್ಟಿಲು ಹತ್ತುವ ಕಡೆ, ಆಲ್ಟೋ ಪಂಚಮದಲ್ಲಿ ನಿಂತಿತು; ಸಾಲು ಮುಗಿಯುವವರೆಗೂ ಅಲ್ಲಾಡಲಿಲ್ಲ. ಸರಿಗಮದಲ್ಲಿ ಚೀಟಿಗೆ ಇಳಿಸಿಕೊಂಡೆ.

ಚೀಟಿ ಮಡಿಸುತ್ತಿದ್ದಾಗ ರತ್ನಮ್ಮ, "ಪಾಪ, ಸುಗುಣಂಗೆ ಇದು ಬೇಕಾಗೇ ಇರ್ಲಿಲ್ಲ" ಎಂದರು. ಅಕ್ಕನಿಗೆ ರಾಗ ಹಾಡಬೇಕೆಂದು ಆಸೆಯಂತೆ. ರಾಗಕ್ಕೆ ಜನ ಬೇಕಾದಷ್ಟು. ದಾರಿ ತಪ್ಪದೆ ಆಲ್ಟೋದಲ್ಲಿ ನಿಲ್ಲುವವಳು ಇವಳೊಬ್ಬಳೇ. ಪ್ರತಿ ನವೆಂಬರಿನಲ್ಲೂ, "ಈ ಸಲ ನನ್ನನ್ನ ರಾಗಕ್ಕೆ ಹಾಕಿ ಮೇಷ್ಟ್ರೇ" ಎಂದು ಕೇಳುತ್ತಿದ್ದಳಂತೆ. "ಮುಂದಿನ ವರ್ಷ ನೋಡಣ ಸುಗುಣ" ಎನ್ನುತ್ತಿದ್ದರಂತೆ ಮೇಷ್ಟ್ರು. "ಕೊನೇ ವರ್ಷ ಅವಳು ಕೇಳ್ಲೂ ಇಲ್ಲಪ್ಪ" ಎಂದರು ರತ್ನಮ್ಮ.

ವಾಪಸು ಬರುವ ಬಸ್ಸಿನಲ್ಲಿ ನನಗೆ ಒಂದೊಂದೇ ನೆನಪಾಯಿತು. ಅಕ್ಕ ಬಟ್ಟೆ ಒಗೆಯುವಾಗ ಹಾಡಿಕೊಳ್ಳುತ್ತಿದ್ದುದು ರಾಗವನ್ನು. "ಅದು ನಿನ್ ಪಾರ್ಟಲ್ಲ ಕಣಕ್ಕ, ನಿಂದನ್ನ ಪ್ರಾಕ್ಟೀಸ್ ಮಾಡು" ಎಂದು ಎಷ್ಟೋ ಸಲ ನಾನೇ ಗದರಿದ್ದೆ. ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಅವಳು ಬೇರೆ ಊರಿಗೂ ಹೋಗಲಿಲ್ಲ, ಮುಂದೆ ಓದಲೂ ಇಲ್ಲ; ನಾನು ಮೈಸೂರಿಗೆ ಹೋಗಿ ಓದಿ ಬಂದೆ. ಅವಳಿಗೆ ಏನು ಬೇಕಿತ್ತು ಎಂದು ನಾನು ಕೇಳಿದ್ದೇ ಇಲ್ಲ. ಅವಳ ಮಗಳಿಗೆಂದು ಹುಡುಕಿಕೊಂಡು ಹೋದದ್ದು ಸಿಕ್ಕಿತು, ಸಿಕ್ಕಿದ್ದರಲ್ಲಿ ನನಗೆ ಸಂತೋಷವೇ ಇರಲಿಲ್ಲ.

ಕರುಣಾಗೆ ಪಾರ್ಟು ಕಲಿಸಿದೆ, ವಿಷಯ ಹೇಳಲಿಲ್ಲ. ಎರಡೇ ಸಂಜೆಗೆ ಕಲಿತಳು. ಮೂರನೆಯ ಸಾಲಿಗೆ ಬಂದಾಗ, "ಇಷ್ಟೇನಾ ಮಾಮ?" ಎಂದಳು. ಇಷ್ಟೇ ಎಂದೆ. ಮೂರು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ನಾಲ್ಕನೆಯ ದಿನ ಅವಳು ಅವರೆಕಾಳು ಹಿತುಕುತ್ತ ಕೂತಿದ್ದಾಗ ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ, ನಾನು ಗದರಿದ್ದನ್ನೂ ಸೇರಿಸಿ. ಅವಳು ತಲೆಯೆತ್ತದೆ ಬಟ್ಟಲು ತುಂಬುವವರೆಗೂ ಹಿತುಕಿದಳು. ಆಮೇಲೆ, "ಹಂಗಾದ್ರೆ ನಾನು ರಾಗ ಹಾಡ್ತೀನಿ ಮಾಮ" ಎಂದಳು. "ಆಲ್ಟೋ ನೀವು ಹಾಡಿ."

ಗಂಡಸರು ಆಲ್ಟೋ ಹಾಡುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿಕೊಂಡೆ.

ಕ್ರಿಸ್ಮಸ್ ಬೆಳಿಗ್ಗೆ ಮದುವೆಯ ಕೋಟು ಹಾಕಿಕೊಂಡು ಹೆಂಗಸರ ಸಾಲಿನ ಕೊನೆಯಲ್ಲಿ ನಿಂತೆ. ಹಿಂದಿನಿಂದ ಬೇಸಿನವರು ಕಿಸಕ್ಕೆಂದರು. ಹಾಡು ಎದ್ದಿತು. ಮೂರನೆಯ ಸಾಲಿನಲ್ಲಿ ಕರುಣಾಳ ಧ್ವನಿ ಮೆಟ್ಟಿಲು ಹತ್ತಿ ಮೇಲೆ ಹೋಯಿತು, ನಾನು ಪಂಚಮದಲ್ಲಿ ನಿಂತೆ. ನಿಲ್ಲುವುದು ಸುಲಭ ಎಂದುಕೊಂಡಿದ್ದೆ. ಎಲ್ಲರೂ ಮೇಲೆ ಹೋಗುತ್ತಿರುವಾಗ ಗಂಟಲು ತಾನಾಗಿ ಅವರ ಹಿಂದೆಯೇ ಹೊರಡುತ್ತದೆ, ಅದನ್ನು ಹಿಡಿದು ಕೂರಿಸಬೇಕು. ನನಗೂ ಮೇಲೆ ಹೋಗಬೇಕು ಎನ್ನಿಸಿತು, ಅಳುವಷ್ಟು ಎನ್ನಿಸಿತು. ಹೋಗಲಿಲ್ಲ.

ಆರಾಧನೆ ಮುಗಿದು ಬಾಗಿಲಿಗೆ ಬಂದಾಗ ಊರ್ಡಿಗೆರೆಯಿಂದ ಪ್ರತಿ ವರ್ಷ ಹಬ್ಬಕ್ಕೆ ಬರುವ ಒಬ್ಬ ಅಜ್ಜಿ ಕರುಣಾಳ ಕೆನ್ನೆ ಸವರಿ, ಎಂಥ ಕಂಠ, ಎಂಥ ಹಾಡು ಎಂದು ಹೊಗಳಿದರು. ಈ ಸಲ ಹಾಡು ತುಂಬಿಕೊಂಡಂಗಿತ್ತು ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀವ್ಯಾಕೆ ಮೇಷ್ಟ್ರೇ ಈ ಸಲ ಹಾಡ್ಲಿಲ್ಲ? ಸುಮ್ನೆ ನಿಂತಿದ್ರಲ್ಲ" ಎಂದು ಕೇಳಿದರು.

"ಹಾಡ್ದೆ ಕಣಜ್ಜಿ" ಎಂದೆ. ಅವರು ನಂಬಿದಂತೆ ಕಾಣಲಿಲ್ಲ. ಅಕ್ಕನನ್ನು ಈ ಬಾಗಿಲಲ್ಲಿ ಎಷ್ಟು ಜನ ಹೀಗೆ ಕೇಳಿದ್ದರೋ. ಮನೆಗೆ ಬಂದು ಒಂದು ದಿನವೂ ಅವಳು ಹೇಳಿರಲಿಲ್ಲ.