ಹಳೆಯದನ್ನು ಒರೆಸುವ ಮುನ್ನ

ಮಧ್ಯಾಹ್ನದೊಳಗೆ ಮೇಡಂ ಸೀರೆಯ ಎಡಭುಜದ ಮೇಲೆ ಡಸ್ಟರಿನಷ್ಟೇ ಅಗಲದ ಬಿಳಿ ಗುರುತು ಬಿದ್ದಿರುತ್ತಿತ್ತು. ಬೋರ್ಡಿನ ಮೇಲಿನ ಹಳೆಯ ಅಂಕಿಯನ್ನು ಅವರು ತಟ್ಟನೆ ಅಳಿಸುತ್ತಿರಲಿಲ್ಲ. ಡಸ್ಟರನ್ನು ಭುಜಕ್ಕೆ ಒತ್ತಿಕೊಂಡು, ಹೊಸದನ್ನು ಪಕ್ಕದಲ್ಲಿ ಪೂರ್ತಿ ಬರೆದು, ಎರಡು ಸಲ ಓದಿ, ಆಮೇಲೆ ಒರೆಸುತ್ತಿದ್ದರು.

ಕುಣಿಗಲ್‌ನಿಂದ ದಿನಾ ಬಸ್ಸಿನಲ್ಲಿ ತುಮಕೂರಿಗೆ ಬಂದು ನಮ್ಮ ಪಾಲಿಟೆಕ್ನಿಕ್ಕಿನಲ್ಲಿ ಪ್ರೋಗ್ರಾಮಿಂಗ್ ಕಲಿಸುತ್ತಿದ್ದ ಅತಿಥಿ ಉಪನ್ಯಾಸಕಿ ಅವರು. ಅವರ ಸಿಟ್ಟೆಲ್ಲ ಕಂಪ್ಯೂಟರ್ ಭಾಷೆಗಳ ಮೇಲೆ. "ಹಳೇ ಅಂಕಿ ಇದ್ದ ಜಾಗಕ್ಕೆ ಹೊಸದು ತುಂಬೋವಾಗ ಅರ್ಧಕ್ಕೆ ಕೆಟ್ಟೋದ್ರೆ, ಆ ಅರ್ಧಂಬರ್ಧಾನ ಗುಡಿಸಿ ಹಾಕಿ ಹಳೇದನ್ನ ಹಂಗೇ ಉಳಿಸ್ಬೇಕು. ಆ ಕೆಲ್ಸ ಭಾಷೇನೇ ಮಾಡ್ಬೇಕು ಕಣ್ರೇ, ನಮ್ಮ ತಲೆಗೆ ಕಟ್ಟೋದಲ್ಲ!" ನಾವು ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗುತ್ತಿದ್ದೆವು.

ಕೊನೆಯ ವರ್ಷ ನಾನು ಹೆಣ್ಣುಮಕ್ಕಳ ಹಾಸ್ಟೆಲಿಗೆ ಕೋಣೆ ಹಂಚುವ ಪ್ರೋಗ್ರಾಂ ಬರೆದೆ. ಅವರ ಮಾತು ಕಿವಿಗೆ ಹಾಕಿಕೊಳ್ಳದೆ, ಮೊದಲು ಹಳೆಯ ಪಟ್ಟಿಯನ್ನು ಅಳಿಸುವ ಹಾಗೆ ಬರೆದಿದ್ದೆ. ಹೊಸ ಪಟ್ಟಿ ನಲವತ್ತನೆಯ ಹೆಸರಿಗೆ ನಿಂತುಬಿಟ್ಟಿತು. ಉಳಿದವರಿಗೆ ಹಳೆಯ ಕೋಣೆಯೂ ಇಲ್ಲ, ಹೊಸದೂ ಇಲ್ಲ. ಟ್ರಂಕು, ಹಾಸಿಗೆ ಸುರುಳಿ ಇಟ್ಟುಕೊಂಡು ವರಾಂಡದಲ್ಲಿ ಕೂತರು. ಲ್ಯಾಬಿನ ಬಾಗಿಲಲ್ಲಿ ವಾರ್ಡನ್ ನಿಂತಿದ್ದರು. ನನಗೆ ಅಳು ಬಂತು.

ಮೇಡಂ ನೋಟಿಸ್ ಬೋರ್ಡಿನಲ್ಲಿದ್ದ ಹಳೆಯ ಪಟ್ಟಿ ಕಿತ್ತು ತಂದು ವಾರ್ಡನ್ ಕೈಗೆ ಕೊಟ್ಟು ಕಳಿಸಿ, ನನ್ನ ಪಕ್ಕ ಕೂತರು.

"ಅಳ್ಬೇಡ ಕಣೇ. ನಾನೂ ಹಿಂಗೇ ಮಾಡ್ಕೊಂಡೋಳು."

ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಅವರಿಗೆ ಖಾಯಂ ಕೆಲಸವಿತ್ತಂತೆ. ಇಲ್ಲಿಯೂ ಖಾಯಂ ಮಾಡುತ್ತೇವೆಂಬ ಮಾತು ನಂಬಿ, ಆರ್ಡರ್ ಕೈಗೆ ಬರುವ ಮೊದಲೇ ರಾಜೀನಾಮೆ ಕೊಟ್ಟರು. ಆರ್ಡರ್ ಬರಲೇ ಇಲ್ಲ. ಅಲ್ಲಿನ ಜಾಗ ವಾರದೊಳಗೆ ಇನ್ನೊಬ್ಬರ ಪಾಲಾಯಿತು. ಹನ್ನೊಂದು ವರ್ಷದಿಂದ, ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಪ್ರತಿ ಜೂನಿನಲ್ಲೂ ಕಾಯುವುದು.

"ಹಿಂದಕ್ಕೆ ಹೋಗೋ ಹಂಗಿಲ್ಲ, ಮುಂದಕ್ಕೆ ಬಿಡಲ್ಲ. ನೀನಾದ್ರೂ ಹಿಂದಕ್ಕೋಗಕ್ಕೆ ಒಂದು ದಾರಿ ಇಟ್ಟು ಬರಿ." ಸಂಜೆಯವರೆಗೂ ಕೂರಿಸಿಕೊಂಡು ಬರೆಸಿದರು.

ಈಗ ಅದೇ ಕಾಲೇಜಿನ ಲ್ಯಾಬ್ ನೋಡಿಕೊಳ್ಳುವ ಕೆಲಸ ನನ್ನದು, ಖಾಯಂ. ಅವರು ಕಲಿಸಿದ್ದರಿಂದ ಸಿಕ್ಕಿದ್ದು. ಈ ಜೂನಿನಲ್ಲಿ ಅವರನ್ನು ಕರೆಯಲಿಲ್ಲ. ನಾಚಿಕೆಯಿಂದಲೇ ಫೋನು ಮಾಡಿದೆ.

"ಹಾಸ್ಟೆಲ್ ಪ್ರೋಗ್ರಾಂ ಹೆಂಗಿದೆ?" ಎಂದರು.

"ಈ ಸಲಾನೂ ಅರ್ಧಕ್ಕೆ ನಿಂತೋಯ್ತು ಮೇಡಂ. ಹಳೇ ಪಟ್ಟಿ ಹಂಗೇ ಉಳ್ಕೊಂಡಿತ್ತು."

"ಯಾರೂ ಹೊರಗೆ ಕೂರ್ಲಿಲ್ಲ ತಾನೇ?"

"ಇಲ್ಲ ಮೇಡಂ, ಯಾರೂ ಕೂರ್ಲಿಲ್ಲ."

"ಸದ್ಯ," ಎಂದರು. ನೀವು ಈಗ ಏನು ಮಾಡ್ತಿದೀರಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.